ಫೂ ಅಂಕಲ್‌ನ ರಸೀದಿಗಳು

ಕೊಕ್ ವಾಯ್ ಎಂದಿನಂತೆ ಪ್ಲಾಸ್ಟಿಕ್ ಚೀಲದ ಕಾಫಿಯನ್ನು ಬೀರುವಿನ ಹಿಡಿಗೆ ನೇತುಹಾಕಿ ಸ್ಟ್ರಾ ಚುಚ್ಚಿದ. ಚೀಲದ ದಾರ ಬಿಚ್ಚಿಕೊಂಡಿತು. ಕಾಫಿಯೆಲ್ಲ ಕೆಳಗೆ ಹರಡಿಟ್ಟಿದ್ದ ಫೂ ಅಂಕಲ್‌ನ ರಸೀದಿಗಳ ಮೇಲೆ.

ಮಲೇಷ್ಯಾದ ಇಪೋ ಊರಿನ ಆ ಪುಟ್ಟ ಲೆಕ್ಕಪತ್ರದ ಕಚೇರಿಗೆ ಅವನು ಹೊಸಬ. ಕೆಲಸ ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಮೇಡಂ ಲಾಮ್ ಅಂದು ಸಂಜೆ ಹೇಳುವವರಿದ್ದರು. ಕೋಳಿ ಅನ್ನದ ಅಂಗಡಿಯ ಫೂ ಅಂಕಲ್‌ನ ತೆರಿಗೆ ಲೆಕ್ಕ ಸಲ್ಲಿಸಬೇಕಾದದ್ದೂ ಅಂದೇ.

ಪಕ್ಕದ ಮೇಜಿನ ರೊಹಾಯಾ ಅಕ್ಕನಿಗೆ ಯಾರ ಕಷ್ಟ ಕಂಡರೂ ಸುಮ್ಮನಿರಲು ಬರುವುದಿಲ್ಲ. "ಫ್ಯಾನಿನ ಕೆಳಗೆ ಹರವಿದ್ರೆ ಹಾರ್ಕೊಂಡು ಹೋಗ್ತವೆ ಕಣೋ. ನನ್ನ ಇಸ್ತ್ರಿಪೆಟ್ಟಿಗೆ ತಗೋ, ನಮಾಜಿನ ಬಟ್ಟೆಗೆ ಅಂತ ಇಲ್ಲೇ ಇಟ್ಟಿರ್ತೀನಿ."

"ಸುಡಲ್ವಾ ಅಕ್ಕ?"

"ನನ್ನ ರೇಷ್ಮೆ ತಲೆವಸ್ತ್ರವೇ ಸುಟ್ಟಿಲ್ಲ, ನಿನ್ನ ಕಾಗದ ಸುಡತ್ತಾ?"

ಸುಡಲಿಲ್ಲ. ಇಸ್ತ್ರಿ ಸೋಕಿದ್ದೇ ತಡ, ರಸೀದಿ ಬಾಣಲೆಯ ತಳದಂತೆ ಕಪ್ಪಾಯಿತು. "ಉಲ್ಟಾ ಹಾಕಿ ನೋಡು," ಎಂದಳು ಅಕ್ಕ. ಅದೂ ಕಪ್ಪಾಯಿತು. "ಮೇಲೆ ಬಟ್ಟೆ ಹಾಕಿ ಒತ್ತು." ಅದೂ ಕಪ್ಪಾಯಿತು. ಆ ಕಾಗದದಲ್ಲಿ ಅಕ್ಷರ ಮೂಡಿಸುವುದೇ ಬಿಸಿ ಎಂದು ಇಬ್ಬರಿಗೂ ಹೊಳೆಯುವ ಹೊತ್ತಿಗೆ ಒತ್ತಲು ಒಂದೂ ಉಳಿದಿರಲಿಲ್ಲ.

ಬ್ಯಾಂಕಿಗೆ ಹೋಗಿಬರುತ್ತೇನೆಂದು ಸುಳ್ಳು ಹೇಳಿ ಕೊಕ್ ವಾಯ್ ಫೂ ಅಂಕಲ್ ಸಾಮಾನು ಕೊಳ್ಳುವ ಮಾರುಕಟ್ಟೆಗೆ ಓಡಿದ. "ಬರೀ ಕಾಗದ ಕೇಳೋಕೆ ಬಂದ್ಯಾ? ಒಂದು ಕೋಳಿ ತಗೋ, ಹಳೇ ರಸೀದಿ ಎಲ್ಲಾ ಮತ್ತೆ ಪ್ರಿಂಟ್ ತೆಗೆದುಕೊಡ್ತೀನಿ," ಎಂದಳು ಕೋಳಿ ಮಾರುವ ಆಂಟಿ. ತರಕಾರಿಯವನು ಮೊಳಕೆ ಕಾಳು ಅಂಟಿಸಿದ. ಗ್ಯಾಸಿನವನು ಏನೂ ಮಾರಲಿಲ್ಲ, ಸಿಲಿಂಡರ್ ಹೊರಿಸಿದ. ಸಂಜೆ ಹೊಸ ರಸೀದಿಗಳ ಜೊತೆ ಕಚೇರಿಗೆ ಮರಳಿದ ಕೊಕ್ ವಾಯ್ ಯಾವ ಕೋನದಿಂದಲೂ ಬ್ಯಾಂಕಿನಿಂದ ಬಂದವನಂತೆ ಕಾಣುತ್ತಿರಲಿಲ್ಲ.

ಪುಣ್ಯಕ್ಕೆ ಮೇಡಂ ರಸೀದಿಗಳನ್ನಷ್ಟೇ ನೋಡಿದರು. "ಎಷ್ಟು ಜೋಪಾನವಾಗಿ ಇಟ್ಟಿದ್ದೀಯಪ್ಪ, ಒಂದಕ್ಷರನೂ ಮಾಸಿಲ್ಲ. ನಾಳೆಯಿಂದ ನೀನು ಕಾಯಂ."

ಕೊಕ್ ವಾಯ್‌ಗೆ ಅಳು ಬರುವಷ್ಟು ಸಂತೋಷವಾಯಿತು. ಮೇಡಂ ಹೊಸ ಲ್ಯಾಮಿನೇಷನ್ ಯಂತ್ರದ ಸ್ವಿಚ್ ಒತ್ತಿದರು. "ತೆರಿಗೆಯವರು ಕೇಳಿದ್ರೆ ತೋರಿಸೋಕೆ ಇನ್ನೂ ಏಳು ವರ್ಷ ಇಟ್ಕೋಬೇಕಲ್ಲ, ಇವಕ್ಕೆಲ್ಲ ಪ್ಲಾಸ್ಟಿಕ್ ಹೊದಿಸಿಬಿಡೋಣ."

ಯಂತ್ರ ಬಿಸಿಯಾಗತೊಡಗಿತು. ಸುಮ್ಮನಿದ್ದರೆ ಫೂ ಅಂಕಲ್ ಕೆಟ್ಟ, ಬಾಯಿ ಬಿಟ್ಟರೆ ತಾನು ಕೆಟ್ಟ. ಮೇಡಂ ಮೊದಲ ರಸೀದಿಯನ್ನು ಯಂತ್ರಕ್ಕೆ ತುರುಕುವಾಗ ಅವನು ತಡೆಯಲಾರದೆ ಕಿತ್ತುಕೊಂಡ. "ಬೇಡ ಮೇಡಂ. ಬಿಸಿ ತಾಗಿದ್ರೆ ಪೂರ್ತಿ ಕಪ್ಪಾಗ್ತವೆ."

ಮೇಡಂ ಮೆಚ್ಚುಗೆಯಿಂದ ನೋಡಿದರು. "ಇಷ್ಟು ವರ್ಷ ಲೆಕ್ಕ ಬರೆದಿದೀನಿ, ನಂಗೇ ಗೊತ್ತಿರ್ಲಿಲ್ಲ. ಎಲ್ಲಿ ಕಲಿತೆ?"

ಕಾಲೇಜಿನಲ್ಲಿ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ರೊಹಾಯಾ ಅಕ್ಕ ಹುಡುಗನನ್ನು ಇನ್ನಷ್ಟು ಮೇಲೇರಿಸುವ ಉಮೇದಿನಲ್ಲಿ ಎದ್ದು ಬಂದಳು.

"ಪುಸ್ತಕದ ವಿದ್ಯೆ ಅಲ್ಲ ಮೇಡಂ ಇದು. ಬೆಳಿಗ್ಗೆ ಫೂ ಅಂಕಲ್‌ದು ಒಂದೂ ಬಿಡದೆ ತಾನೇ ಇಸ್ತ್ರಿ ಮಾಡಿ ಕಲಿತಿದಾನೆ."