ಬೆರಕೆ ಸೊಪ್ಪಿನ ಪುಸ್ತಕ ಬರೆದ ಮಹನೀಯರು

ಶಿಂಷಾ ಸಾರ್ವಜನಿಕ ಪುಸ್ತಕ ಭಂಡಾರದ ಆನ್‌ಲೈನ್ ಕ್ಯಾಟಲಾಗಿನಲ್ಲಿ ವಿರಾಜಮಾನರಾಗಿರುವ ಹುಡುಕು ಪೆಟ್ಟಿಗೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ಮಂಡ್ಯದಿಂದ ನಿವೃತ್ತ ಶಿಕ್ಷಕಿ ರಂಗನಾಯಕಿ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಕರೆಂಟಿನ ಕೃಪೆಯಿಂದ ತಾವೂ ಕ್ಷೇಮವೆಂದು ನಂಬಿದ್ದೇನೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಶಾಖೆಗಳ ಪುಸ್ತಕಗಳನ್ನು ಬೆರಳಗಲದ ಒಂದು ಪೆಟ್ಟಿಗೆಯೊಳಗೆ ಅಡಗಿಸಿಟ್ಟಿರುವ ತಮ್ಮ ಸಾಮರ್ಥ್ಯ ದೊಡ್ಡದು. ಅಡಗಿಸಿಟ್ಟಿದ್ದೀರಿ ಎಂಬುದರಲ್ಲಂತೂ ನನಗೆ ಎಳ್ಳಷ್ಟೂ ಸಂದೇಹವಿಲ್ಲ.

ದುದ್ದದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು 'ಬೆರಕೆ ಸೊಪ್ಪು' ಎಂಬ ಸಣ್ಣ ಪುಸ್ತಕ ಬರೆದಿದ್ದೆ. ಗದ್ದೆ ಬದುವಿನಲ್ಲಿ ತಾವಾಗಿ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನ್ನೆಗಳನ್ನು ಗುರುತು ಹಿಡಿಯುವುದು ಹೇಗೆ, ಯಾವುದನ್ನು ಕುಯ್ಯಬೇಕು, ಯಾವುದನ್ನು ಮುಟ್ಟಬಾರದು ಎಂದು ನನಗೆ ಕಲಿಸಿದವರು ಅದೇ ಊರಿನ ಮಂಗಳಮ್ಮ. 'ಹೇಳಿಕೊಟ್ಟವರು: ಮಂಗಳಮ್ಮ' ಎಂದು ಮೊದಲ ಪುಟದಲ್ಲೇ ಅಚ್ಚು ಹಾಕಿಸಿದ್ದೆ. ಈಗ ನಮ್ಮಿಬ್ಬರ ಮನೆಯಲ್ಲೂ ಒಂದು ಪ್ರತಿಯಿಲ್ಲ, ಓದಿ ಕೊಡುತ್ತೇವೆಂದು ಕೊಂಡುಹೋದ ನೆಂಟರು ಆಮೇಲೆ ಮನೆ ಕಡೆಗೇ ತಲೆ ಹಾಕಲಿಲ್ಲ. ಉಳಿದಿರುವುದು ತಮ್ಮ ಭಂಡಾರಕ್ಕೆ ಕೊಟ್ಟದ್ದೊಂದೇ.

ಮಂಗಳಮ್ಮನ ಮೊಮ್ಮಗಳು ಗಗನ ವಿ.ಸಿ. ಫಾರಂ ಕಾಲೇಜಿನಲ್ಲಿ ಕೃಷಿ ಓದುತ್ತಾಳೆ. ತನ್ನ ಹೆಸರೂ ಪುಸ್ತಕದಲ್ಲಿದೆ ಎಂದು ಅಜ್ಜಿ ಹೆಮ್ಮೆಯಿಂದ ಹೇಳಿಕೊಂಡಾಗ ಹುಡುಗಿ ಫೋನು ತೆಗೆದು, ಪುಸ್ತಕದ ಹೆಸರಿನ ಜೊತೆಗೆ ನಮ್ಮಿಬ್ಬರ ಹೆಸರನ್ನೂ ಸೇರಿಸಿ ತಮ್ಮನ್ನು ವಿಚಾರಿಸಿದಳು. 'ಯಾವುದೇ ಫಲಿತಾಂಶ ಇಲ್ಲ' ಎಂದು ತಾವು ಅಪ್ಪಣೆ ಕೊಡಿಸಿದಿರಿ. ಅಂಥ ಪುಸ್ತಕವೇ ಇಲ್ಲವಂತೆ, ಪಾಪ, ಅಜ್ಜಿಗೆ ವಯಸ್ಸಾಯಿತು ಎಂದು ಮನೆಮಂದಿಯೆಲ್ಲ ನಕ್ಕರಂತೆ. ಅಕ್ಷರ ಬಾರದ ಆ ಹೆಂಗಸು ಜೀವಮಾನದಲ್ಲಿ ಹೇಳಿಕೊಂಡ ಒಂದೇ ಒಂದು ದೊಡ್ಡಸ್ತಿಕೆಯನ್ನು ತಾವು ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುಳ್ಳು ಮಾಡಿದಿರಿ. ಅವರು ನಮ್ಮ ಜಗಲಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹಾಗಾಗಿ ತಮ್ಮ ಸೇವೆಗೆ ನಾನೇ ಕೂತೆ. ದೊಡ್ಡವರ ಮುಂದೆ ಅರ್ಜಿ ಹಾಕಿಯೇ ಅಭ್ಯಾಸವಾದ್ದರಿಂದ, 'ರಂಗನಾಯಕಿಯವರು ಬರೆದ ಬೆರಕೆ ಸೊಪ್ಪು ಎಂಬ ಪುಸ್ತಕವನ್ನು ದಯಮಾಡಿ ಹುಡುಕಿಕೊಡಬೇಕಾಗಿ ವಿನಂತಿ' ಎಂದು ಪೂರ್ತಿ ಬರೆದೆ. ಇಲ್ಲ ಎಂದಿರಿ. ದಯೆಯನ್ನು ಬಿಟ್ಟೆ, ವಿನಂತಿಯನ್ನು ಬಿಟ್ಟೆ, ಆಗಲೂ ಇಲ್ಲ. ಬರೀ ನನ್ನ ಹೆಸರು ಕೊಟ್ಟೆ. ಅಂಥವರು ಯಾರೂ ಇಲ್ಲ ಎಂದಿರಿ. ಕೊನೆಗೆ ಬೇಸತ್ತು 'ಬೆರಕೆ' ಎಂದಷ್ಟೇ ಒತ್ತಿದೆ. ಮಾತು ಕಡಿಮೆಯಾದಷ್ಟೂ ತಾವು ಒಲಿಯುತ್ತೀರೆಂದು ಮೊದಲೇ ಗೊತ್ತಿದ್ದರೆ ಮರ್ಯಾದೆ ಬಿಟ್ಟೇ ಮಾತಾಡಿಸುತ್ತಿದ್ದೆ. ಕಲಬೆರಕೆ ಹಾಲು, ಕಲಬೆರಕೆ ಎಣ್ಣೆ, ಕಲಬೆರಕೆ ತಡೆ ಕಾನೂನು ಎಲ್ಲ ಸಾಲುಗಟ್ಟಿ ಬಂದು, ಅವುಗಳ ಬಾಲದಲ್ಲಿ ನಮ್ಮ ಪುಸ್ತಕ ಕಾಣಿಸಿತು: 'ಬೆರಕೆ ಸೊಪ್ಪು. ಲೇಖಕರು: ತಿರುನಾರಾಯಣ, ರಂ. ಮಳವಳ್ಳಿ ಶಾಖೆ.'

ತಿರುನಾರಾಯಣ ನನ್ನ ಯಜಮಾನರು. ಪುಸ್ತಕದ ಮೇಲಿದ್ದ 'ರಂಗನಾಯಕಿ ತಿರುನಾರಾಯಣ' ಎಂಬುದರಲ್ಲಿ ಕೊನೆಯ ಹೆಸರನ್ನು ಎತ್ತಿ ಗದ್ದುಗೆಯ ಮೇಲೆ ಕೂರಿಸಿ, ನನ್ನನ್ನು ಒಂದಕ್ಷರ ಒಂದು ಚುಕ್ಕೆ ಮಾಡಿ ಬಾಗಿಲಲ್ಲಿ ನಿಲ್ಲಿಸಿದ್ದೀರಿ. ಮಂಗಳಮ್ಮನಿಗೆ ಆ ಚುಕ್ಕೆಯೂ ಇಲ್ಲ. ನಾನು ಕೂಗಾಡುತ್ತಿದ್ದರೆ ಅವರು ತಣ್ಣಗೆ, "ಬುಡಿ ಮೇಡಂ, ರೇಸನ್ ಕಾರ್ಡೊಂದ್ ಬುಟ್ರೆ ಮಿಕ್ಕಿದ್ದೆಲ್ಲಾ ಗಂಡಸ್ರ ಎಸ್ರಲ್ಲೇ ತಾನೆ ಇರಾದು" ಎಂದರು.

ಮಾರನೆಯ ದಿನವೇ ಗಗನಳನ್ನೂ ಅಜ್ಜಿಯನ್ನೂ ಬಸ್ಸು ಹತ್ತಿಸಿಕೊಂಡು ಮಳವಳ್ಳಿಗೆ ಹೋದೆ. ಪುಸ್ತಕ ಕಪಾಟಿನಲ್ಲಿ ಧೂಳು ತಿನ್ನುತ್ತ ಸುಖವಾಗಿತ್ತು. ಗಗನ ಮೊದಲ ಪುಟ ತೆರೆದು ಅಜ್ಜಿಯ ಹೆಸರನ್ನು ಗಟ್ಟಿಯಾಗಿ ಓದಿದಳು. ಮಂಗಳಮ್ಮ ಅದು ಯಾವ ಸಾಲು ಎಂದು ಕೇಳಿ ತಿಳಿದುಕೊಂಡು ಅದರ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು. ನನಗಂತೂ ಅಳು ತಡೆಯಲಾಗಲಿಲ್ಲ.

ಇಷ್ಟಾದ ಮೇಲೆ ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ನಾನು ಬರೆದದ್ದು ಯಜಮಾನರಿಗೆ ಸಲ್ಲುವುದೇ ನಿಯಮವಾದರೆ, ನನ್ನ ಮಂಡಿನೋವು, ಬಿ.ಪಿ. ಮಾತ್ರೆ ಮತ್ತು ಉಕ್ಕಿದ ಹಾಲು ಒರೆಸುವ ಕೆಲಸವನ್ನೂ ಅವರ ಹೆಸರಿಗೇ ವರ್ಗಾಯಿಸುವ ಕೃಪೆ ಮಾಡಬೇಕು. ಸಾಧ್ಯವಾಗದಿದ್ದರೆ, ಲೇಖಕರ ಖಾನೆಯ ಪಕ್ಕದಲ್ಲಿ 'ಹೇಳಿಕೊಟ್ಟವರು' ಎಂದು ಇನ್ನೊಂದು ಖಾನೆ ತೆರೆಯಬೇಕು. ಅದನ್ನು ತುಂಬಲು ಹೊರಟರೆ ಈ ಜಿಲ್ಲೆಯ ಅಜ್ಜಿಯರಿಗೆಲ್ಲ ತಮ್ಮ ಪೆಟ್ಟಿಗೆಯಲ್ಲಿ ಜಾಗ ಸಾಲದೆಂಬ ಭಯವಿದ್ದರೆ, ಮೊದಲು ಮಂಗಳಮ್ಮನವರೊಬ್ಬರನ್ನೇ ಒಳಗೆ ಬಿಟ್ಟುಕೊಳ್ಳಿ.

ತಮ್ಮ ಪಾಲಿಗೆ ಇಲ್ಲದಿದ್ದರೂ ತಮ್ಮ ವಿಶ್ವಾಸಿ,
ರಂ.

ತಾ.ಕ.: ತಾವು ನೇಮಿಸಿದ ಲೇಖಕರ ಮುಂದೆ ನಿನ್ನೆ ಮಂಗಳಮ್ಮ ಒಂದು ಬುಟ್ಟಿ ಬೆರಕೆ ಸೊಪ್ಪು ಸುರಿದು, ಬಿಡಿಸಿಕೊಡಿ ಸ್ವಾಮಿ ಎಂದರು. ಮಹನೀಯರು ಗಣಿಕೆ ಸೊಪ್ಪನ್ನು ಕಳೆಯೆಂದು ಎಸೆದು, ಅಂಗಳದ ಮೂಲೆಯ ಪಾರ್ಥೇನಿಯಂ ಕಿತ್ತು ತಂದು ಮೊರಕ್ಕೆ ಹಾಕಿದ್ದಾರೆ. ಲೇಖಕರನ್ನು ಅನುಮಾನಿಸುವುದು ಓದುಗರಿಗೆ ಶೋಭೆಯಲ್ಲವಾದ್ದರಿಂದ ಅದರಲ್ಲೇ ಮಸ್ಸೊಪ್ಪು ಸಾರು ಮಾಡಿದ್ದೇವೆ. ಮೊದಲ ತುತ್ತಿಗೆ ತಾವೇ ದಯಮಾಡಿಸಬೇಕು.