ಥಂಡಿ ಹಿಡಿದ ಗೋಡೆಗೆ ಅತ್ತೆಯ ಉಪಚಾರ

ನಮ್ಮ ಸೋದರತ್ತೆ ಯಾರ ಮನೆಗೆ ಹೋದರೂ ಮೊದಲು ಮನೆಯವರನ್ನು ಮಾತಾಡಿಸುವುದಿಲ್ಲ, ಗೋಡೆಯನ್ನು ಮಾತಾಡಿಸುತ್ತಾರೆ! ಚಪ್ಪಲಿ ಬಿಟ್ಟು ಒಳಗೆ ಬಂದವರೇ ಗೋಡೆಗೆ ಅಂಗೈ ಒತ್ತುತ್ತಾರೆ, ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟುತ್ತಾರೆ, ಆಮೇಲೆ "ಹ್ಯಾಂಗ ಇದ್ದೀರಿ?" ಎನ್ನುತ್ತಾರೆ. ಆ ಪ್ರಶ್ನೆ ಗೋಡೆಗೋ ನಮಗೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮದುವೆಯಾಗಲಿಲ್ಲ. ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾಗಿ ಈಗ ಭಾಲ್ಕಿಯಲ್ಲಿದ್ದಾರೆ. ಆಯುಷ್ಯವಿಡೀ ಮನುಷ್ಯರ ನಾಡಿ ಹಿಡಿದವರು ನಿವೃತ್ತಿಯ ಮರುದಿನದಿಂದ ಗೋಡೆಗಳ ನಾಡಿ ಹಿಡಿಯತೊಡಗಿದರು. ಕಾರಣ ಕೇಳಿದರೆ, "ಮನಷ್ಯಾ ಸುಳ್ಳ ಹೇಳ್ತಾನ, ಗ್ವಾಡಿ ಹೇಳಂಗಿಲ್ಲ" ಎನ್ನುತ್ತಾರೆ.

ಒಮ್ಮೆ ಸಂತಪುರದಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರು ತೀರಿಕೊಂಡಾಗ ಆ ಮನೆಯವರನ್ನು ಮಾತಾಡಿಸಿ ಬರಲು ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಅಳುವ ಹೆಂಗಸರ ನಡುವೆ ಗೋಡೆಗೊರಗಿ ಕೂತರು. ಪ್ರಾರ್ಥನೆ ಶುರುವಾಯಿತು. ಎಲ್ಲರೂ ಕಣ್ಣು ಮುಚ್ಚಿದ್ದರು. ಅತ್ತೆ ಮಾತ್ರ ಬೆನ್ನ ಹಿಂದಿನ ಗೋಡೆಯನ್ನು ಸವರುತ್ತಿದ್ದರು. "ಆಮೆನ್" ಎಂಬ ಮಾತು ಮುಗಿಯುವುದೇ ತಡ, ಸತ್ತವರ ಹೆಂಡತಿಯ ಕಿವಿಯಲ್ಲಿ, "ಈ ಗ್ವಾಡಿ ಹಿಂದ ಬಚ್ಚಲ ಅದ ಏನವ್ವಾ?" ಎಂದರು. ಆಕೆ ಬಿಕ್ಕುತ್ತಲೇ, "ಅದ ರಿ" ಎಂದಳು. "ಪೈಪ್ ಒಡದಾದ, ನೋಡಸು." ಅಲ್ಲಿಂದ ಮುಂದೆ ಆ ಮನೆಯಲ್ಲಿ ತೀರಿಕೊಂಡವರ ಮಾತು ನಿಂತಿತು, ಪೈಪಿನ ಮಾತು ನಡೆಯಿತು! ನಾನು ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದೆ.

ಪೈಪು ನಿಜವಾಗಿಯೂ ಒಡೆದಿತ್ತು. ಅದೇ ಅಲ್ಲವೇ ದುಃಖದ ಸಂಗತಿ? ತಪ್ಪು ಹೇಳುವವರನ್ನು ತಡೆದುಕೊಳ್ಳಬಹುದು, ಸರಿ ಹೇಳುವವರನ್ನು ಹೇಗೆ ತಡೆದುಕೊಳ್ಳುವುದು?

ಇಂಥ ಅತ್ತೆ ನಮ್ಮ ಮನೆಗೇ ಬಂದರು. ತಪ್ಪು ನನ್ನದೇ. ಬೀದರಿನ ಹಳೇ ಊರಿನಲ್ಲಿ ನಾನೂ ನನ್ನ ಹೆಂಡತಿಯೂ ಇಷ್ಟಪಟ್ಟು ಕೊಂಡ ಕೆಂಪು ಕಲ್ಲಿನ ಮನೆ ಅದು. ಹಿಂಬದಿಯ ಕೋಣೆಯ ಗೋಡೆಗೆ ಥಂಡಿ ಹಿಡಿದಿತ್ತು. ಮೂರು ಸಲ ಬಣ್ಣ ಹೊಡೆಸಿದೆ. ಮೂರು ಸಲವೂ ಅದು ಕರಿದ ಹಪ್ಪಳದಂತೆ ಉಬ್ಬಿ ಉದುರಿತು. ಅದೇ ಕೋಣೆಯಲ್ಲಿ ಮಲಗುತ್ತಿದ್ದ ಆರು ವರ್ಷದ ಮಗಳಿಗೆ ಕೆಮ್ಮು. ಔಷಧ ಕುಡಿದರೆ ನಾಲ್ಕು ದಿನ ಸುಮ್ಮನಿರುತ್ತಿತ್ತು, ಐದನೆಯ ದಿನ ಮತ್ತೆ ಹಾಜರು. ಮಗು ಕೆಮ್ಮುವಾಗ ಅದರ ಪುಟ್ಟ ಪಕ್ಕೆಲುಬು ಒಳಕ್ಕೆಳೆದುಕೊಳ್ಳುವುದನ್ನು ನೋಡಲಾಗದೆ ಅತ್ತೆಗೆ ಫೋನ್ ಮಾಡಿದೆ. ಅವರು ಜ್ವರ ಕೇಳಲಿಲ್ಲ, ಕಫ ಕೇಳಲಿಲ್ಲ.

"ಕೂಸು ಮಲಗೋ ಗ್ವಾಡಿ ಯಾ ಕಡಿ ಅದ?" ಎಂದರು.

ಮರುದಿನ ಭಾಲ್ಕಿ ಬಸ್ಸಿನಿಂದ ಇಳಿದರು. "ಎರಡ ದಿನಾ ಇದ್ದು ಹೋಗ್ತೇನಿ" ಎಂದರು. ಆಗ ಮಳೆಗಾಲ ಶುರುವಾಗಿತ್ತಷ್ಟೆ. ಹೋಗುವ ಮಾತೆತ್ತಿದ್ದು ಚಳಿ ಬಿದ್ದ ಮೇಲೆ!

ಬಂದವರೇ ಗೋಡೆಗೆ ಮೂಗು ಹಚ್ಚಿ ಮೂಸಿದರು. ಉಗುರಿನಿಂದ ಬಿಳಿ ಪುಡಿ ಕೆರೆದು ನಾಲಿಗೆಯ ಮೇಲಿಟ್ಟುಕೊಂಡರು. ನನ್ನ ಹೆಂಡತಿ ಬಾಗಿಲು ಹಿಡಿದುಕೊಂಡಳು. "ಉಪ್ಪು" ಎಂದು ಅತ್ತೆ ಘೋಷಿಸಿದರು. ಆಮೇಲೆ ಪ್ಲಾಸ್ಟಿಕ್ ಹಾಳೆಯೊಂದನ್ನು ಚೌಕವಾಗಿ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿದರು.

"ಎರಡ ದಿನಾ ಯಾರೂ ಮುಟ್ಟಬ್ಯಾಡ್ರಿ. ಹಾಳಿ ಹೊರಗಿನ ಮಗ್ಗಲಿಗಿ ಹನಿ ಬಂದ್ರ ನಿಮ್ಮ ಉಸುರು, ನಿಮ್ಮ ಅಡಿಗಿ ಹಬಿ. ಖಿಡಕಿ ತಗದ್ರ ಸಾಕು. ಒಳಗಿನ ಮಗ್ಗಲಿಗಿ ಬಂದ್ರ ಗ್ವಾಡಿನೇ ನೀರು ಕುಡಿಲಾಕತ್ತಾದ ಅಂತ ತಿಳೀರಿ."

ಒಳಗಿನ ಮಗ್ಗುಲಿಗೇ ಹನಿ ಬಂತು. ಮೂರನೆಯ ದಿನ ನಾನು ಪಾಠ ಮುಗಿಸಿ ಶಾಲೆಯಿಂದ ಬರುವಷ್ಟರಲ್ಲಿ ಅತ್ತೆ ಉಳಿ ಸುತ್ತಿಗೆ ಹಿಡಿದು ಸೊಂಟದೆತ್ತರದವರೆಗೆ ಗೋಡೆಗೆ ಮೆತ್ತಿದ್ದ ಸಿಮೆಂಟಿನ ಗಿಲಾವನ್ನೆಲ್ಲ ಕಿತ್ತುಹಾಕಿದ್ದರು! ಕೆಂಪು ಕಲ್ಲು ಚರ್ಮ ಸುಲಿದಂತೆ ಹೊರಗೆ ಕಾಣುತ್ತಿತ್ತು.

"ಅತ್ತಿ, ಏನ್ ಮಾಡೀರಿ ಇದು?"

"ಹಳಿ ಕಲ್ಲಿನ ಮ್ಯಾಲ ಸಿಮೆಂಟ್ ಬಳದು ಉಸುರು ಕಟ್ಟಸೀರಿ. ಒಳಗ ಹೊಕ್ಕ ನೀರು ಎಲ್ಲಿಂದ ಹೊರಗ ಬರಬೇಕು? ಅದಕ್ಕ ಸುಣ್ಣದ ಗಿಲಾವೇ ಆಗಬೇಕು."

ಅಂದಿನಿಂದ ನಾನು, ಹೆಂಡತಿ, ಮಗಳು ಅಡುಗೆಮನೆಯಲ್ಲಿ ಮಲಗತೊಡಗಿದೆವು. ಅತ್ತೆ ಮಾತ್ರ ಆ ಕೋಣೆ ಬಿಡಲಿಲ್ಲ. ರೋಗಿಯನ್ನು ಒಂಟಿಯಾಗಿ ಬಿಡಬಾರದಂತೆ! ಗಿಲಾವು ಹಚ್ಚುವ ಗೌಂಡಿ ಬಂದ. "ಈಗ ಸುಣ್ಣಾ ಯಾರ್ ಹಚ್ತಾರ ಯವ್ವಾ? ಸಿಮೆಂಟ್ ಹಚ್ಚಿ ಮ್ಯಾಲ ವಾಟರ್‌ಪ್ರೂಫ್ ಬಳದ್ರ ಖತಂ" ಎಂದ. ಅತ್ತೆ ಕನ್ನಡಕದ ಮೇಲಿಂದ ನೋಡಿ, "ಗಾಯದಾಗ ಕೀವು ಇಟ್ಟು ಪಟ್ಟಿ ಕಟ್ತಿ ಏನೋ?" ಎಂದರು. ಅವನು ಹೋದ. ಎರಡನೆಯವನು ಬಂದ, ಅವನೂ ಹೋದ. ಮೂರನೆಯವನು ವಯಸ್ಸಾದ ಮುದುಕ, ಸುಣ್ಣದ ಕೆಲಸ ಬಲ್ಲವನು. ಅವನು ಮಾತ್ರ ಕೊನೆಯವರೆಗೆ ನಿಂತ. ಅವನಿಗೆ ಕಿವಿ ಕೇಳುತ್ತಿರಲಿಲ್ಲ!

ಆದರೆ ಗಿಲಾವಿಗೆ ಮೊದಲು ನೀರು ಬರುವ ದಾರಿ ಕಟ್ಟಬೇಕಿತ್ತು. ಅತ್ತೆ ಮಾಳಿಗೆ ಹತ್ತಿದರು, ಪಕ್ಕದ ಮನೆಯವರ ಬಚ್ಚಲಿಗೆ ಕೇಳದೆಯೇ ಹೊಕ್ಕರು, ಅವರ ಕೈಲಿ ಬೈಸಿಕೊಂಡರು. ಆ ಬೈಗುಳದಲ್ಲಿ ಹೆಚ್ಚಿನ ಪಾಲು ನನಗೆ ಬಂತು. ಎಲ್ಲಿಯೂ ಸೋರಿಕೆ ಸಿಗಲಿಲ್ಲ. ಮನೆಯ ತುಂಬ ಧೂಳು, ಒಲೆಯ ಪಕ್ಕ ಹಾಸಿಗೆ. ಈ ಮನೆಯನ್ನು ಹೀಗೇ ಬಿಟ್ಟು ಬೇರೆ ಕಡೆ ಹೋಗೋಣವೇ ಎಂದು ನಾವಿಬ್ಬರೂ ಗಂಭೀರವಾಗಿಯೇ ಯೋಚಿಸಿದೆವು.

ಮಳೆ ಬಿಡುವು ಕೊಟ್ಟಿದ್ದ ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿದ್ದೆ. ಗೋಡೆಗುಂಟ ಮಣ್ಣು ಪೇರಿಸಿ ನಾನೇ ಕೈಯಾರೆ ಕಟ್ಟಿದ ಹೂವಿನ ಮಡಿ ಅದು, ಬಂದವರಿಗೆಲ್ಲ ತೋರಿಸುತ್ತಿದ್ದೆ. ಅತ್ತೆ ಹಿಂದೆ ಬಂದು ನಿಂತರು. ಮಡಿಯ ಎತ್ತರ ನೋಡಿದರು, ಕಿಟಕಿಯಿಂದ ಇಣುಕಿ ಒಳಗಿನ ನೆಲ ನೋಡಿದರು.

"ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಮ್ಯಾಲ ಅದಲ್ಲೋ ತಮ್ಮಾ. ದಿನಾ ನೀರು ಯಾರ್ ಹಾಕ್ತಾರ?"

"ನಾನೇ ರಿ."

"ಎಷ್ಟು?"

"ನಾಕ ಕೊಡ ರಿ."

ಅತ್ತೆ ಗೋಡೆಗೆ ಅಂಗೈ ಒತ್ತಿದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೂಸಿನ ಎದೆಗೆ ದಿನವೂ ನಾಲ್ಕು ಕೊಡ ಥಂಡಿ ಸುರಿಯುತ್ತಿದ್ದವನು ನಾನೇ! ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಅತ್ತೆ ನನ್ನ ಕೈಯಿಂದ ಕೊಡ ತೆಗೆದುಕೊಂಡು, "ಏಳು, ಗುದ್ದಲಿ ತಗೊಂಬಾ. ಅಳಕೋತ ಕುಂತ್ರ ಗ್ವಾಡಿ ಒಣಗಂಗಿಲ್ಲ" ಎಂದರು.

ಮಲ್ಲಿಗೆಯನ್ನು ಬೇರುಸಹಿತ ಎತ್ತಿ ದೂರ ನೆಟ್ಟೆ. ಒಳಗಿನ ನೆಲಕ್ಕಿಂತ ಒಂದು ಮೊಳ ಕೆಳಗಿನವರೆಗೆ ಮಣ್ಣು ತೆಗೆದೆ. ಮಳೆನೀರು ಗೋಡೆಯಿಂದ ಆಚೆ ಹರಿಯುವಂತೆ ಇಳಿಜಾರು ಮಾಡಿದೆ. ನಂತರ ಕಾಯುವ ಕೆಲಸ. ವಾರಕ್ಕೊಮ್ಮೆ "ಗಿಲಾವು ಹಚ್ಚೋಣೇನ್ರಿ?" ಎಂದು ಕೇಳುತ್ತಿದ್ದೆ. "ಬಾಣಂತಿಗಿ ಎದ್ದು ಓಡು ಅಂತಿ ಏನು? ಒಣಗಲಿ ತಡಿ" ಎನ್ನುತ್ತಿದ್ದರು.

ಒಣಗಿತು. ಮುದುಕ ಗೌಂಡಿ ಸುಣ್ಣದ ಗಿಲಾವು ಹಚ್ಚಿ ಬೆಳ್ಳಗೆ ಬಳಿದ. ಮಗಳು ಆ ಕೋಣೆಗೆ ಮರಳಿದಳು. ಒಂದು ವಾರ ಹೋಯಿತು, ಎರಡು ವಾರ ಹೋಯಿತು, ಕೆಮ್ಮಿಲ್ಲ. ನಾವು ಗಂಡಹೆಂಡತಿ ಪರಸ್ಪರ ಹೇಳಿಕೊಳ್ಳಲೂ ಹೆದರಿ, ಸುಮ್ಮನೆ ಅವಳ ಉಸಿರು ಕೇಳುತ್ತ ಕೂರುತ್ತಿದ್ದೆವು.

ಅತ್ತೆ ಹೊರಟು ನಿಂತರು. ಕೈಯಲ್ಲಿ ಬಟ್ಟೆಯ ಚೀಲ. ನನ್ನ ಹೆಂಡತಿ ಒಂದು ಮೊಳೆ ತಂದು ಅವರ ಮುಂದೆ ಹಿಡಿದಳು. "ಅತ್ತಿ, ಈ ಗ್ವಾಡಿಗಿ ಮೊದಲ್ನೇ ಮೊಳಿ ನೀವೇ ಹೊಡೀಬೇಕು ನೋಡ್ರಿ."

ಅತ್ತೆ ಹಿಂದೆ ಸರಿದರು. ಗೋಡೆಯ ಗಿಲಾವನ್ನೇ ಕಿತ್ತುಹಾಕಿದ ಹೆಂಗಸು ಒಂದು ಮೊಳೆಗೆ ಹೆದರಿದ್ದರು!

"ನಾ ಹೊಡೀಲೇನವ್ವಾ? ನಡೀತದ?" ಎಂದರು. ಆಮೇಲೆ ನಮ್ಮ ಮುಖ ನೋಡದೆ, "ದವಾಖಾನಿ ಕ್ವಾರ್ಟರ್ಸ್‌ನಾಗ ಮೊಳಿ ಹೊಡಿಬಾರ್ದು ಅಂತಿತ್ತು. ಈಗಿನ ಬಾಡಗಿ ರೂಮಿನವರೂ ಹಂಗೇ ಹೇಳ್ಯಾರ. ಹಿಂಗಾಗಿ ಒಂದೂ ಹೊಡದಿಲ್ಲ ನೋಡು ನಾ" ಎಂದರು.

ಎಲ್ಲಿ ಹೊಡೆಯಬೇಕೆಂದು ಬಹಳ ಹೊತ್ತು ಗೋಡೆ ಸವರಿದರು. ಬಾಗಿಲ ಪಕ್ಕ, ತಮ್ಮ ಭುಜದ ಎತ್ತರಕ್ಕೆ, ನಿಧಾನವಾಗಿ ಹೊಡೆದರು. ಹೊಡೆದು ನಿಂತರು. ತೂಗುಹಾಕಲು ಅವರ ಬಳಿ ಏನೂ ಇರಲಿಲ್ಲ. ಮಗಳು ಅವರು ಕೆಳಗಿಟ್ಟಿದ್ದ ಬಟ್ಟೆಯ ಚೀಲ ತೆಗೆದುಕೊಂಡು, ಕುರ್ಚಿ ಎಳೆದು ಹತ್ತಿ, ಮೊಳೆಗೆ ನೇತುಹಾಕಿದಳು.

ಅತ್ತೆ ಅದನ್ನು ಕೆಳಗಿಳಿಸಲಿಲ್ಲ. ಭಾಲ್ಕಿ ಬಸ್ಸಿನ ಹೊತ್ತು ಮೀರಿತು. ಯಾರೂ ನೆನಪಿಸಲಿಲ್ಲ.