ಸುಟ್ಟ ಗುಡ್ಡವನ್ನು ಹೊಗಳಿದ್ದು

ಕೊಳ್ಳಬೇಕೆಂದಿರುವ ಮಾಲನ್ನು ಹೊಗಳಬಾರದು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಕೊಟ್ಟೂರಿನ ಸಂತೆಯಲ್ಲಿ ಬುಟ್ಟಿ ಹೊತ್ತು ನಾನೇ ಕಲಿತದ್ದು, ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ. ಹಣ್ಣು ಕೈಗೆತ್ತಿಕೊಂಡ ಕೂಡಲೇ ಮುಖ ಸಿಂಡರಿಸಬೇಕು. ಇಷ್ಟು ವರ್ಷ ಸಿಂಡರಿಸಿ ಸಿಂಡರಿಸಿ ನನ್ನ ಮುಖ ಈಗ ಹಾಗೆಯೇ ನಿಂತುಬಿಟ್ಟಿದೆ. ಮದುವೆ ಊಟಕ್ಕೆ ಕೂತರೂ ಬಡಿಸುವವರು, ಉಪ್ಪು ಕಮ್ಮಿ ಆಯಿತೇ ಎಂದು ಗಾಬರಿಯಿಂದ ಕೇಳುತ್ತಾರೆ.

ಈ ಬೇಸಿಗೆಯಲ್ಲಿ ಹೊಸಹಳ್ಳಿ ಕಡೆಯ ಒಂದು ಗುಡ್ಡಕ್ಕೆ ಬೆಂಕಿ ಬಿತ್ತು. ಅಲ್ಲಿನ ಸೀತಾಫಲವನ್ನು ಊರವರಿಂದ ವರ್ಷ ವರ್ಷವೂ ಸಗಟಾಗಿ ಕೊಳ್ಳುವವನು ನಾನು. ಮಳೆ ಬಿದ್ದ ಮೇಲೆ ಕಾಲೇಜಿನ ಮೇಡಮ್ ಒಬ್ಬರು, ಸುಟ್ಟ ಗಿಡಗಳು ಹೇಗೆ ಮತ್ತೆ ಚಿಗುರುತ್ತವೆಂದು ತೋರಿಸಲು ಊರವರನ್ನು ಗುಡ್ಡ ಹತ್ತಿಸುತ್ತಾರೆಂದು ಸುದ್ದಿ ಬಂತು. ಇಳಿದ ಮೇಲೆ, ಗುಡ್ಡಕ್ಕೆ ಕುರಿ ಬಿಡಬೇಕೋ ಬೇಡವೋ ಎಂದು ಹಿರಿಯರು ತೀರ್ಮಾನಿಸುವವರಿದ್ದರು. ಕುರಿ ಬಾಯಿ ಹಾಕಿದರೆ ಚಿಗುರು ಹೋಯಿತು, ಅದರ ಹಿಂದೆಯೇ ನನ್ನ ವ್ಯಾಪಾರವೂ. ಹೆಂಡತಿ ಶಾಂತಳನ್ನು ಕರೆದುಕೊಂಡು ಏದುಸಿರು ಬಿಡುತ್ತಾ ಹತ್ತಿದೆ.

ಮೇಡಮ್ ಒಂದು ಕರಕಲು ಬುಡದ ಮುಂದೆ ಕೂತು, ಮೇಲೆ ಸುಟ್ಟರೂ ಬೇರು ಬದುಕಿದೆ ಎಂದರು. ಬೂದಿಯ ನಡುವೆ ಸೀತಾಫಲದ ಎಳೆ ಚಿಗುರು. ನನ್ನ ಜೀವ ತಂಪಾಯಿತು. ಬಾಯಿ ಮಾತ್ರ ತನ್ನ ಪಾಡಿಗೆ, ಇದೇನು ಕಡ್ಡಿ ಎಂದಿತು. ತಂಗಡಿ ಗಿಡಕ್ಕೆ ಪೀಚು ಎಂದಿತು, ಬಾರೆ ಹಣ್ಣಿನ ಗಿಡಕ್ಕೆ ಬರೀ ಮುಳ್ಳು ಎಂದಿತು. ಕೊನೆಗೆ ಎಲ್ಲರೂ ಕೇಳುವಂತೆ, "ಗುಡ್ಡ ಸತ್ತೈತಿ ಬಿಡ್ರಿ" ಎಂದೂ ಹೇಳಿಬಿಟ್ಟೆ. ಮುಂದೆ ಹಣ್ಣಿನ ಮಾತು ಬರುತ್ತದಲ್ಲ, ಈಗಿಂದಲೇ ದರ ಇಳಿಸಿಡುವ ಚಾಳಿ.

ಕೆಳಗೆ ಬೇವಿನ ನೆರಳಲ್ಲಿ ಕುರಿಗಾರರ ಹಿರಿಯ ಬೊಮ್ಮಪ್ಪ ಎದ್ದು ನಿಂತು ನನ್ನತ್ತ ಕೈ ಮಾಡಿದ. "ಈ ಗುಡ್ಡದ ಹಣ್ಣು ಮಾರಿ ಬೆಳದವ್ರು ಸಾವ್ಕಾರ್ರು. ಅವ್ರ ಸತ್ತೈತಿ ಅಂದಮ್ಯಾಲ ಮುಗೀತು. ನಾಳಿ ಕುರಿ ಬಿಡೂಣು."

ಮೇಡಮ್ ಎಷ್ಟು ಹೇಳಿದರೂ ಯಾರೂ ತಲೆಯಾಡಿಸಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ. ಗತಿಯಿಲ್ಲದೆ ಎದ್ದೆ. ಹೊಗಳಿಕೆಯೆಂಬುದು ಗಂಟಲಲ್ಲಿ ಒಣ ರೊಟ್ಟಿಯಂತೆ ಸಿಕ್ಕಿಕೊಳ್ಳುತ್ತದೆ ಎಂದು ಅವತ್ತೇ ಗೊತ್ತಾದದ್ದು.

"ಗುಡ್ಡ... ಚೊಲೊ ಐತ್ರಿ. ಬೇರು ಗಟ್ಟಿ ಅದಾವು. ಕುರಿ ಬಿಡಬ್ಯಾಡ್ರಿ."

ಗುಡ್ಡ ಹತ್ತಿದಾಗಲೂ ಅಷ್ಟು ಬೆವೆತಿರಲಿಲ್ಲ. ಬೊಮ್ಮಪ್ಪ ಮೀಸೆಯಡಿಯಲ್ಲಿ ನಕ್ಕ. "ಆತು, ಗುಡ್ಡಕ್ಕ ಕುರಿ ಬಿಡಾಂಗಿಲ್ಲ. ಆದ್ರ ಸಾವ್ಕಾರ್ರ, ಇಷ್ಟು ಮಂದಿ ಮುಂದ ಹೊಗಳೀರಿ. ಹಣ್ಣು ಕೇಳಾಕ ಬಂದಾಗ ಈ ಮಾತು ನೆನಪಿರ್ಲಿ."

ಕೊಟ್ಟೂರಿನಲ್ಲಿ ಬಸ್ಸು ಇಳಿಯುವಾಗ ಶಾಂತ, "ಮದುವಿ ಆದಾಗಿಂದ ನನಗ ಒಂದ್ ಸಲನೂ ಚೊಲೊ ಅಂದಿಲ್ಲ. ಆ ಗುಡ್ಡ ಪುಣ್ಯ ಮಾಡಿತ್ತು" ಎಂದಳು.

ಮಾತು ನಿಜ. ಊಟಕ್ಕೆ ಕೂತಾಗ, ಬಾಯಿ ಹೇಗೂ ಸ್ವಲ್ಪ ಪಳಗಿದೆಯಲ್ಲ ಎಂದುಕೊಂಡು, ರೊಟ್ಟಿ ಬಹಳ ಮೆತ್ತಗಾಗಿವೆ ಎಂದೆ. ಅವಳು ತವೆಯ ಮೇಲಿನ ಕೈ ಹಿಂತೆಗೆದು, ಸಂತೆಯಲ್ಲಿ ನಾನು ಬುಟ್ಟಿ ನೋಡುವಂತೆ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ ಬೇಕಾಗೈತಿ? ಮೊದ್ಲು ಅದನ್ನ ಹೇಳ್ರಿ."

ಸುಳ್ಳೇಕೆ ಹೇಳಲಿ, ಗುಡ್ಡ ಹತ್ತಿಳಿದ ಮೊಣಕಾಲಿಗೆ ಎಣ್ಣೆ ಹಚ್ಚುವವರು ಬೇಕಾಗಿತ್ತು.